ಗುಡ್ಡದ ಮಠದ ಓದು

ಯಲಬುರ್ಗಾ ಕಡೆಯ ಗುಡ್ಡದ ಮಠದಲ್ಲಿ ಅಲ್ಲಿನ ಸ್ವಾಮಿಗಳಾದ ಅಜ್ಜಾರು ಹಳೆಯ ಪುರಾಣ ಓದುತ್ತಿದ್ದರು. ಅಧ್ಯಾಯ ಮುಗಿಯುವವರೆಗೆ ಅಲ್ಲಿ ಯಾರೂ ಏಳುವಂತಿಲ್ಲ. ಅದು ತಿಳಿಯದೆ, ಫೋನು ಬಂತೆಂದು ನಾನು ಎದ್ದುಬಿಟ್ಟೆ.

“ಕುಂದ್ರವ್ವ” ಎಂದು ಅಜ್ಜಾರು ಓದು ನಿಲ್ಲಿಸಿದರು. “ನಿಜಾಮನ ಕಾಲದಾಗ ರಜಾಕಾರರ ಹಾವಳಿಯಾಗ ಸುತ್ತಲಿನ ಮಂದಿ ಊರು ಬಿಟ್ಟು ಓಡಿದ್ರೂ, ನಮ್ಮ ಗುರುಗಳು, ಶಿಷ್ಯರು ಇಲ್ಲೇ ಓದ್ಕೋತ ಕುಂತಿದ್ರು. ಈ ಗುಡ್ಡ ಯಾರೂ ಹತ್ತಲಿಲ್ಲ. ಅವಾಗ ನಿಲ್ಲದ ಓದು ನಿನ್ನ ಫೋನಿಗೆ ನಿಲ್ಲತೈತೇನು?”

ಎಲ್ಲರೂ ನಕ್ಕರು. ನಾಚಿ ಕುಳಿತೆ. ಆದರೆ ಅಜ್ಜಾರಿಗೆ ಬಿಟ್ಟ ಸಾಲು ಸಿಗಲಿಲ್ಲ. ಕನ್ನಡಕ ಒರೆಸಿದರು, ಪುಟವನ್ನು ಬೆಳಕಿಗೆ ಹಿಡಿದರು. ಕೊನೆಗೆ ಪುಸ್ತಕವನ್ನು ನನ್ನ ಮುಂದೆ ಸರಿಸಿ, “ಅಕ್ಷರ ಕಾಣವಲ್ವು. ನೀನೇ ಓದವ್ವ, ನಿಲ್ಲಬಾರದು” ಎಂದರು. ತಡವರಿಸುತ್ತಲೇ ಓದಿ ಮುಗಿಸಿದೆ.

ಈಗ ಪ್ರತಿ ಸೋಮವಾರ ಬೇಗ ಅಡುಗೆ ಮುಗಿಸಿ ಮಠದಲ್ಲಿ ಪುರಾಣ ಓದಲು ಕೊಪ್ಪಳದಿಂದ ಬಸ್ಸು ಹತ್ತುತ್ತೇನೆ. ಫೋನು ಮನೆಯಲ್ಲೇ ಇರುತ್ತದೆ.