ಎಡಗಣ್ಣು ಮತ್ತು ಏಳು ಮೀಟರ್

ವಾಮಂಜೂರಿನ ಕಾಲೇಜಿನಲ್ಲಿ ನಾನು ಹ್ಯಾಂಡ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದೆ. ಎರಡನೇ ವರ್ಷ, ಅಭ್ಯಾಸದ ವೇಳೆ ಗೆಳತಿ ಎಸೆದ ಚೆಂಡು ನೇರವಾಗಿ ಎಡಗಣ್ಣಿಗೆ ಬಡಿಯಿತು. ರೆಪ್ಪೆ ಬಿಡಿಸಿದರೆ ಕಂದು ಮಂಜು, ಬೇರೇನೂ ಇಲ್ಲ. ಕಣ್ಣೊಳಗೆ ರಕ್ತ ಇಳಿದಿದೆ, ಕರಗುತ್ತದೋ ಇಲ್ಲವೋ ಕಾದು ನೋಡಬೇಕು ಎಂದರು ಅತ್ತಾವರದ ವೈದ್ಯರು.

ಕಾಟಿಪಳ್ಳದ ಮನೆಯಲ್ಲಿ ತಲೆಯಡಿ ಎರಡು ದಿಂಬಿಟ್ಟು ಮಲಗಿದೆ. ದಿನವೂ ಬೆಳಿಗ್ಗೆ ಬಲಗಣ್ಣು ಮುಚ್ಚಿ ಫ್ಯಾನು ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಒಂಬತ್ತನೇ ದಿನ ಅದರ ರೆಕ್ಕೆಗಳು ಮಸುಕಾಗಿ ಕಂಡವು. ತಿಂಗಳಲ್ಲಿ ದೃಷ್ಟಿ ಪೂರ್ತಿ ಮರಳಿತು.

ಹೆದರಿಕೆ ಮಾತ್ರ ಹೋಗಲಿಲ್ಲ. ಬಸ್ಸಿನ ಬಾಗಿಲು ಬಡಿದರೂ ಮುಖಕ್ಕೆ ಕೈ ಹೋಗುತ್ತಿತ್ತು. ಇನ್ನು ಆಟ ಬೇಡವೆಂದು ತಾಯಿ, ನನ್ನ ಉಮ್ಮ, ನನ್ನಿಂದ ಮಾತು ತೆಗೆದುಕೊಂಡಿದ್ದರು.

ಆ ಸಮಯಕ್ಕೆ ಜರ್ಮನಿಯ ಹೆಂಗಸೊಬ್ಬರು ನಮ್ಮ ತಂಡಕ್ಕೆ ಆಟ ಕಲಿಸಲು ಬಂದರು. ಗಂಡನ ಕೆಲಸದ ನಿಮಿತ್ತ ಮಂಗಳೂರಿಗೆ ಬಂದವರು. ತಮ್ಮೂರಿನಲ್ಲಿ ಹದಿಮೂರು ವರ್ಷ ಸಂಬಳಕ್ಕೆ ಆಡಿದ ಗೋಲ್‌ಕೀಪರ್. ಮೂಗು ಎರಡು ಸಲ ಮುರಿದಿತ್ತು. ಕೊನೆಗೆ ಮಂಡಿ ಕೈಕೊಟ್ಟು ಆಟ ಬಿಟ್ಟಿದ್ದರು. ಅವರನ್ನು ನೋಡುವ ಆಸೆಗೆ ಮೈದಾನಕ್ಕೆ ಹೋದೆ. ಗೆಳತಿಯರು ನನ್ನನ್ನು ಗೋಲಿನೊಳಗೆ ನಿಲ್ಲಿಸಿದರು. ಮೊದಲ ಎಸೆತಕ್ಕೇ ಕೂತುಬಿಟ್ಟೆ.

ಮೇಡಂ ಪಕ್ಕದಲ್ಲಿ ಬಂದು ಕುಳಿತರು. ಈ ಹೆದರಿಕೆ ಎಷ್ಟು ದಿನಕ್ಕೆ ಹೋಗುತ್ತದೆ ಎಂದು ಕೇಳಿದೆ.

“ನನಗೆ ಹೋಗಲೇ ಇಲ್ಲ” ಎಂದರು. ಹದಿಮೂರು ವರ್ಷವೂ ಪಂದ್ಯಕ್ಕೆ ಮೊದಲು ವಾಂತಿ ಮಾಡುತ್ತಿದ್ದರಂತೆ. ಅದನ್ನು ಕೇಳಿ ನನಗೆ ಇನ್ನಷ್ಟು ಭಯವಾಯಿತು.

ಆದರೂ ಮರುದಿನ ಹೋದೆ. ರಕ್ಷಣೆಯ ಕನ್ನಡಕ ಹಾಕಿಸಿ, ಸ್ಪಂಜಿನ ಚೆಂಡಿನಿಂದ ಶುರುಮಾಡಿದರು. ವಾರಕ್ಕೊಂದು ಹೆಜ್ಜೆಯಂತೆ ನಿಜವಾದ ಚೆಂಡಿಗೆ ಬಂದೆವು. ಉಮ್ಮನಿಗೆ ಲೈಬ್ರರಿಯೆಂದು ಸುಳ್ಳು ಹೇಳುತ್ತಿದ್ದೆ.

ಅಂತರ ಕಾಲೇಜು ಪಂದ್ಯದಲ್ಲಿ ಎದುರಾಳಿಗೆ ಏಳು ಮೀಟರ್ ಎಸೆತ, ಅಂದರೆ ಪೆನಾಲ್ಟಿ, ಸಿಕ್ಕಿತು. ನಡುವೆ ಅಡ್ಡ ಯಾರೂ ಇಲ್ಲ, ಎಸೆಯುವವಳು ಮತ್ತು ನಾನು. ಎರಡೂ ಕೈ ಎತ್ತಿ ಮುಂದಕ್ಕೆ ಹೆಜ್ಜೆಯಿಟ್ಟೆ. ಚೆಂಡು ಮೊಣಕೈಗೆ ತಾಗಿ ಹೊರಹೋಯಿತು. ಆದರೂ ಪಂದ್ಯವನ್ನು ಸೋತೆವು.

ಸಂಜೆ ಊದಿದ ಮೊಣಕೈ ತೋರಿಸಿ ನಿಜ ಹೇಳಿದೆ. ಉಮ್ಮ ಐಸ್ ತಂದು ಒತ್ತಿ ಹಿಡಿದರು. ಆಮೇಲೆ ಕೇಳಿದರು: “ನಿಂಗೆ ಹೆದರಿಕೆ ಆಗುದಿಲ್ವಾ?”

“ಆಗ್ತದೆ ಉಮ್ಮ, ತುಂಬ.”

“ನಂಗೂ ಆಗ್ತದೆ. ಇನ್ನು ಸುಳ್ಳು ಹೇಳ್ಬೇಡ, ಹೇಳಿಯೇ ಹೋಗು.”