ಮುಂದಿನ ಸಾಲು ಹೇಳಿಕೊಡುವ ನಿಬಿಯಾ

ಬೆಳಗಿನ ಆರು ಗಂಟೆ. ಮೊಂತೆವಿದೆಯೋ ನಗರದ ಸೆರ್ರೋ ಗುಡ್ಡದ ಇಳಿಜಾರಿನಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಮುಚ್ಚಿಹೋದ ಮಾಂಸದ ಕಾರ್ಖಾನೆಯ ಹಿಂದಿರುವ ಶೆಡ್ಡಿನ ಬೀಗ ತೆಗೆದು ನಿಬಿಯಾ ತೆಚೇರಾ ಮೊದಲು ಹೀಟರ್ ಹಚ್ಚುತ್ತಾರೆ. ಆಮೇಲೆ ಮೈಕಿನ ಸ್ಟ್ಯಾಂಡನ್ನು ಎಳೆದು ತಂದು, ಅದನ್ನು ತಮ್ಮ ಹುಬ್ಬಿನ ಮಟ್ಟಕ್ಕೆ ಏರಿಸುತ್ತಾರೆ. ಅಷ್ಟಾದರೆ ಅದು ಹಾಡುಗಾರ ಎಬೆರ್ ಓಲಿವೇರಾ ಅವರ ಬಾಯಿಗೆ ಸರಿಯಾಗುತ್ತದೆ. ಗಿಟಾರಿನ ತಂತಿಗಳನ್ನು ಒಂದೊಂದಾಗಿ ಮೀಟಿ ಶ್ರುತಿ ಮಾಡುತ್ತಾರೆ. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಉಳಿದ ಬೆರಳುಗಳೇ ಆ ಕೆಲಸವನ್ನೂ ಕಲಿತುಕೊಂಡಿವೆ.

ಆರೂವರೆಗೆ ಕಾರು ಬಂದು ನಿಲ್ಲುತ್ತದೆ. ಮಿರ್ತಾ ತಮ್ಮ ಗಂಡನನ್ನು ತೋಳು ಹಿಡಿದು ಇಳಿಸುತ್ತಾರೆ. ಎಬೆರ್‌ಗೆ ಅರವತ್ತೇಳು. ಜಾಕೆಟ್ಟಿನ ಗುಂಡಿಗಳು ಒಂದೊಂದು ಮನೆ ತಪ್ಪಿ ಕೂತಿವೆ.

"ತಡ ಆಯ್ತೇನೆ, ಹುಡುಗಿ?" ಎನ್ನುತ್ತಾರೆ ಎಬೆರ್.

"ಇಲ್ಲ ಕಣೋ, ಇವತ್ತು ನೀನೇ ಫಸ್ಟು. ಉಳಿದವರೆಲ್ಲ ಇನ್ನೂ ಗೊರಕೆ ಹೊಡೀತಿರ್ತಾರೆ."

ನಿಬಿಯಾ ಎಬೆರ್ ಎಡಗಿವಿಯ ಹತ್ತಿರ ನಿಂತು ನಿಧಾನವಾಗಿ ಒಂದು ಸಾಲು ಹೇಳುತ್ತಾರೆ: "ಬಂದರಿನ ದೀಪ ಆರಿಸಬೇಡಿ." ಎಬೆರ್ ಕಣ್ಣು ಮುಚ್ಚಿ ಅದನ್ನು ಹಾಡುತ್ತಾರೆ. ದನಿ ಈಗಲೂ ಗಟ್ಟಿಯಾಗಿಯೇ ಇದೆ. ಮುಂದಿನ ಸಾಲಿಗೆ ಕಾಯುತ್ತಾರೆ. ಆ ಮೈಕಿನ ವೈರಿನ ಇನ್ನೊಂದು ತುದಿ ಯಾವುದಕ್ಕೂ ಸೇರಿಲ್ಲ. ಸುಮ್ಮನೆ ನೆಲದ ಮೇಲೆ ಬಿದ್ದಿದೆ. ಎಬೆರ್‌ಗೆ ಅದು ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಹೊಸ ಆಲ್ಬಮ್ಮಿನ ಧ್ವನಿಮುದ್ರಣ ಇನ್ನೂ ನಡೆಯುತ್ತಿದೆ. ಆಲ್ಬಮ್ ಅಂಗಡಿಗೆ ಬಂದು ಐದು ತಿಂಗಳಾಯಿತು.

ಎಬೆರ್ ಹಾಡುವ ಲಾಸ್ ಬೋಯಾಸ್ ತಂಡವನ್ನು ಈ ನಗರದಲ್ಲಿ ಯಾರಿಗೂ ಪರಿಚಯಿಸಬೇಕಿಲ್ಲ. ಸೈನಿಕರ ಆಡಳಿತ ಮುಗಿಯುತ್ತಿದ್ದ ಕಾಲದಲ್ಲಿ ನಾಲ್ಕು ಜನ ಸೆರ್ರೋ ಹುಡುಗರು ಕಟ್ಟಿದ ರಾಕ್ ತಂಡ. ನಲವತ್ತು ವರ್ಷದಲ್ಲಿ ಹತ್ತು ಆಲ್ಬಮ್. ಒಂಬತ್ತು ವರ್ಷ ಹೊಸ ಆಲ್ಬಮ್ ಇಲ್ಲದೆ ಈಗ ತಂದ ಹನ್ನೊಂದನೆಯದು ‘ಇಳಿತ’. ನಿಬಿಯಾ ಅವರನ್ನು ಮಾತ್ರ ಯಾರೂ ಅರಿಯರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಆಕೆ, ತಂಡ ಅಭ್ಯಾಸ ಮಾಡುತ್ತಿದ್ದ ಕ್ಲಬ್ಬಿನಲ್ಲಿ ಗ್ಲಾಸು ತೊಳೆಯುತ್ತಿದ್ದರು. ಒಂದು ದಿನ ಎಬೆರ್ ಗಿಟಾರಿನ ಪಟ್ಟಿ ಕಿತ್ತುಬಂತು. ನಿಬಿಯಾ ಅದನ್ನು ಚಮ್ಮಾರನ ದಾರದಿಂದ ಹೊಲಿದು ಕೊಟ್ಟರು. ಮರುವಾರ ತಂಡದ ಲಾರಿ ಹತ್ತಿದವರು ಮೂವತ್ತೊಂಬತ್ತು ವರ್ಷ ಇಳಿಯಲಿಲ್ಲ.

ಸ್ಪೀಕರ್ ಪೆಟ್ಟಿಗೆ ಹೊತ್ತರು, ವೈರು ಬೆಸೆದರು, ತಂತಿ ಬದಲಿಸಿದರು. ಸಾಲ್ತೋ ಊರಿನಲ್ಲಿ ಪೆಟ್ಟಿಗೆಯೊಂದು ಜಾರಿ ಎರಡು ಬೆರಳು ಜಜ್ಜಿಹೋದಾಗ, ಕೈಗೆ ಟವೆಲ್ ಸುತ್ತಿಕೊಂಡು ಕಾರ್ಯಕ್ರಮ ಮುಗಿಸಿಯೇ ಆಸ್ಪತ್ರೆಗೆ ಹೋದರು. ತಾಯಿ ತೀರಿಕೊಂಡಾಗ ಗಡಿಯಾಚೆಯ ಪ್ರವಾಸದಲ್ಲಿದ್ದರು. ಮಣ್ಣಾದ ಮೇಲೆ ಬಂದು ತಲುಪಿದರು. ಮೂರು ಆಲ್ಬಮ್ಮುಗಳ ಹಿಂಬದಿಯಲ್ಲಿ ಅವರ ಹೆಸರಿದೆ. ಮೂರರಲ್ಲೂ ‘ನಿದಿಯಾ’ ಎಂದು ತಪ್ಪಾಗಿ ಅಚ್ಚಾಗಿದೆ.

"ಮೊದಲನೇ ಸಲ ಹೇಳ್ದೆ. ಎರಡನೇ ಸಲಾನೂ ಹೇಳ್ದೆ. ಮೂರನೇ ಸಲ, ಆ ನಿದಿಯಾ ಯಾರೋ ಪಾಪ ಒಳ್ಳೆ ಕೆಲಸಗಾರ್ತಿ ಇರಬೇಕು, ಇರ್ಲಿ ಬಿಡು ಅಂತ ಸುಮ್ಮನಾದೆ."

ಮೂರು ವರ್ಷದ ಹಿಂದೆ ಎಬೆರ್ ವೇದಿಕೆಯ ಮೇಲೆ ಒಂದು ಸಾಲು ಮರೆತರು. ಮುಂದಿನ ತಿಂಗಳು ಇಡೀ ಚರಣವನ್ನೇ ಮರೆತರು. ಆಮೇಲೆ ಮನೆಯ ದಾರಿ. ವೈದ್ಯರು ಹೇಳಿದ ಕಾಯಿಲೆಯ ಹೆಸರನ್ನು ಮಿರ್ತಾ ಇವತ್ತಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಹೊಸ ಹಾಡುಗಳೆಲ್ಲ ಆಗಲೇ ಎಬೆರ್ ನೋಟ್‌ಬುಕ್ಕಿನಲ್ಲಿದ್ದವು. ಡ್ರಮ್ ಬಾರಿಸುವ ಅರಿಯೆಲ್ ಬೆಂತಾಂಕೂರ್ ಒಂದು ದಿನ ಆ ಪುಸ್ತಕ ತಂದು ನಿಬಿಯಾ ಕೈಗಿಟ್ಟರು.

"ನಲವತ್ತು ವರ್ಷ ಅವನ ಬೆನ್ನ ಹಿಂದೆ ಕೂತು ಬಡಿದೆ, ಒಂದಿನಾನೂ ನನ್ನ ಮಾತು ಕೇಳಲಿಲ್ಲ ಆ ಕತ್ತೆ," ಎನ್ನುತ್ತಾರೆ ಅರಿಯೆಲ್. "ಇವಳು ಹೇಳಿದ್ರೆ ಕೇಳ್ತಾನೆ. ಅದಕ್ಕೇ ಇವಳಿಗೆ ಕೊಟ್ಟೆ."

ಎಬೆರ್ ತಲೆ ತಿಳಿಯಾಗಿರುವುದು ಬೆಳಿಗ್ಗೆ ಮಾತ್ರ. ಹಾಗಾಗಿ ಎಂಟು ತಿಂಗಳ ಕಾಲ ದಿನವೂ ಬೆಳಗಾಗುವಾಗಲೇ ಧ್ವನಿಮುದ್ರಣ. ನಿಬಿಯಾ ಸಾಲು ಹೇಳಬೇಕು, ಎಬೆರ್ ಹಾಡಬೇಕು. ಹನ್ನೊಂದು ಹಾಡು, ಮುನ್ನೂರ ಹನ್ನೆರಡು ಸಾಲು, ಒಂದೊಂದನ್ನೂ ಹಲವು ಬೆಳಗು ಮತ್ತೆ ಮತ್ತೆ ಹಾಡಿಸಬೇಕು. ಮೊದಮೊದಲು ಒಂದು ಬೆಳಗಿಗೆ ನಲವತ್ತು ಸಾಲು ಆಗುತ್ತಿತ್ತು. ಕೊನೆಯ ವಾರಗಳಲ್ಲಿ ಮೂರು. ನಡುನಡುವೆ ಸೇರಿದ್ದ ನಿಬಿಯಾ ದನಿಯನ್ನು ತಂತ್ರಜ್ಞರು ಆಮೇಲೆ ಹುಡುಕಿ ಹುಡುಕಿ ಅಳಿಸಿದರು.

ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಎಬೆರ್ ದನಿ ನಡುಗುತ್ತದೆ. ಪತ್ರಿಕೆಗಳು ಅದನ್ನು ಬಹಳ ಹೊಗಳಿದವು. ಒಂದು ಜೀವಮಾನದ ನೋವೆಲ್ಲ ಅಲ್ಲಿದೆ ಎಂದು ಬರೆದವು. ಆ ಮಾತು ಬಂದರೆ ನಿಬಿಯಾ ಯೆರ್ಬಾ ಎಲೆಯ ಕಷಾಯ ಕುಡಿಯುವ ಸೋರೆಬುರುಡೆಯನ್ನು ಕೆಳಗಿಡುತ್ತಾರೆ.

"ಅವತ್ತು ಅವನಿಗೆ ಉಚ್ಚೆಗೆ ಅವಸರ ಆಗಿತ್ತು. ಹೇಳೋಕೆ ಮಾತು ಸಿಗ್ತಿರಲಿಲ್ಲ. ಕಾಲು ಬದಲಿಸಿ ಬದಲಿಸಿ ನಿಲ್ತಿದ್ದ. ನನಗೆ ಅರ್ಥ ಆಗಲಿಲ್ಲ. ಇನ್ನೊಂದೇ ಸಾಲು, ಇನ್ನೊಂದೇ ಸಾಲು ಅಂತ ಹೇಳ್ತಾನೇ ಹೋದೆ. ಕೊನೆಗೆ ನಿಂತಲ್ಲೇ ಆಯ್ತು. ಅವನು ಅತ್ತ. ಜನ ಕೇಳ್ತಿರೋದು ಅದನ್ನೇ."

ಆ ಧ್ವನಿಮುದ್ರಣವನ್ನು ತೆಗೆದುಹಾಕಿ ಎಂದು ಆಕೆ ಕೇಳಿಕೊಂಡರು. ಮತ್ತೆ ಹಾಡಿಸುವ ಹೊತ್ತಿಗೆ ಎಬೆರ್ ಬಾಯಲ್ಲಿ ಆ ರಾಗ ನಿಲ್ಲಲಿಲ್ಲ. ಹಾಗಾಗಿ ಅದೇ ಉಳಿಯಿತು.

ಏಪ್ರಿಲ್ ತಿಂಗಳಲ್ಲಿ ಅದೇ ಹಳೆಯ ಕ್ಲಬ್ಬಿನಲ್ಲಿ ಬಿಡುಗಡೆಯ ಕಾರ್ಯಕ್ರಮ ಏರ್ಪಾಡಾಯಿತು. ಅದೂ ಬೆಳಗಿನ ಹತ್ತಕ್ಕೆ. ರಾಕ್ ಕೇಳಲು ಜನ ತಿಂಡಿ ತಿಂದು ಬಂದದ್ದು ಅದೇ ಮೊದಲು. ನಾನೂರು ಮಂದಿ ಸೇರಿದ್ದರು. ಎಬೆರ್ ಕಿವಿಯಲ್ಲೊಂದು ಪುಟ್ಟ ಸ್ಪೀಕರು. ಪರದೆಯ ಹಿಂದೆ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಆ ಸ್ಪೀಕರಿಗೆ ಸಾಲು ಹೇಳುತ್ತ ನಿಬಿಯಾ. ಮೂರು ಹಾಡು ಸರಾಗವಾಗಿ ಹೋದವು. ನಾಲ್ಕನೆಯದು ಎಲ್ಲರ ಬಾಯಲ್ಲಿರುವ ಹಳೆಯ ಹಾಡು. ಎರಡನೇ ಸಾಲಿಗೆ ಎಬೆರ್ ನಿಂತುಬಿಟ್ಟರು. ಕಿವಿಯಿಂದ ಆ ಸ್ಪೀಕರನ್ನು ಕಿತ್ತು ಅಂಗೈಯಲ್ಲಿ ಹಿಡಿದು ನೋಡಿದರು. ಮೈಕಿನಲ್ಲೇ ಕೇಳಿದರು: "ಯಾರೋ ಹೆಂಗಸು ಇದರೊಳಗೆ ಸಿಕ್ಕಿಹಾಕಿಕೊಂಡಿದ್ದಾಳೆ. ಯಾರಾದ್ರೂ ಬಿಡಿಸ್ರಪ್ಪಾ."

ಜನ ತಮಾಷೆಯೆಂದು ನಕ್ಕರು. ಆಮೇಲೆ ನಗು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಆ ಹಾಡನ್ನು ಎತ್ತಿಕೊಂಡರು. ನಾನೂರು ಜನವೂ ಸೇರಿ ಕೊನೆಯವರೆಗೆ ಹಾಡಿದರು. ಎಬೆರ್ ಕೈಕಟ್ಟಿ ನಿಂತು ಕೇಳಿದರು, ಮುಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅರಿಯೆಲ್ ಕಡೆ ತಿರುಗಿ, "ಚೆನ್ನಾಗಿದೆ ಕಣೋ. ಯಾರದು ಹಾಡು?" ಎಂದರು.

ಮುಂದಿನ ಹದಿನಾಲ್ಕು ಕಾರ್ಯಕ್ರಮಗಳು ರದ್ದಾದವು. ಆದರೂ ಮರುದಿನ ಬೆಳಗಾಗುವಾಗ ಎಬೆರ್ ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು, ಹಾಡಲು ಹೊತ್ತಾಯಿತೆಂದು. ಮಿರ್ತಾಗೆ ದಿಕ್ಕು ತೋಚಲಿಲ್ಲ. ನಿಬಿಯಾಗೆ ಫೋನು ಮಾಡಿದರು. ಅಂದಿನಿಂದ ಹೀಗೆ.

ಅರಿಯೆಲ್‌ಗೆ ಇದನ್ನು ಸಹಿಸಲಾಗುವುದಿಲ್ಲ. ಕಳೆದ ವಾರ ಶೆಡ್ಡಿಗೆ ಬಂದವರು ನೆಲದ ಮೇಲಿದ್ದ ವೈರನ್ನು ಕಾಲಿನಿಂದ ತಳ್ಳಿ ತೋರಿಸಿದರು.

"ಸತ್ತ ಮೈಕಿನ ಮುಂದೆ ಹಾಡಿಸ್ತಿದ್ದೀಯಲ್ಲೇ. ನಿನ್ನ ಸಮಾಧಾನಕ್ಕೋ, ಅವನ ಸಮಾಧಾನಕ್ಕೋ?"

"ಆಲ್ಬಮ್ ಮಾಡಿದ್ದು ಯಾರ ಸಮಾಧಾನಕ್ಕೆ, ಅರಿಯೆಲ್?"

ಅರಿಯೆಲ್ ಡ್ರಮ್ಮಿನ ಮೇಲಿನ ದೂಳು ಒರೆಸಿ ಹೊರಟುಹೋದರು.

ಈಗ ಒಂದು ಬೆಳಗಿಗೆ ಒಂದು ಸಾಲಾದರೆ ಹೆಚ್ಚು. ಮೊನ್ನೆ ಅದೂ ಇಲ್ಲ. ನಿಬಿಯಾ ಅದೇ ಸಾಲನ್ನು ಆರು ಸಲ ಹೇಳಿದರು. ಎಬೆರ್ ಆಕೆಯ ತುಟಿಗಳನ್ನೇ ನೋಡುತ್ತ ನಿಂತರು. ಕೊನೆಗೆ ಆಕೆ ನೋಟ್‌ಬುಕ್ ಮುಚ್ಚಿ, ಇಡೀ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಮಾತಿನಲ್ಲೇ ಹೇಳಿ ಮುಗಿಸಿದರು.

ಎಬೆರ್ ತಲೆದೂಗಿದರು. "ನೀನು ಎಲ್ಲೂ ತಪ್ಪೋದಿಲ್ಲ," ಎಂದರು. "ನಿನಗೆ ಯಾರು ಹೇಳಿಕೊಡ್ತಾರೆ?"

"ಯಾರೂ ಇಲ್ಲ, ಎಬೆರ್."

"ಅಯ್ಯೋ," ಎಂದು ಅವರು ನಿಜಕ್ಕೂ ಮರುಗಿ ಆಕೆಯ ಭುಜ ತಟ್ಟಿದರು.

ಇನ್ನು ಏನು ಆಸೆ ಎಂದು ಕೇಳಿದರೆ ನಿಬಿಯಾ ಹೀಟರ್ ಆರಿಸುತ್ತ ಹೇಳುತ್ತಾರೆ: "ಹಾಡು ಹೋದ್ರೆ ಹೋಗ್ಲಿ. ಅವನಿಗೆ ನನ್ನ ಗುರುತು ಹೋಗಿ ಎಷ್ಟೋ ದಿನ ಆಯ್ತು, ಅದೂ ಹೋಗ್ಲಿ. ಬೆಳಿಗ್ಗೆ ಬಾಗಿಲು ತೆಗೆದಾಗ ನನ್ನ ನೋಡಿ ಹೆದರದೆ ಒಳಗೆ ಬಂದ್ರೆ ಸಾಕು. ಹಾಗೆ ಬರೋಷ್ಟು ದಿನ ನಾನೂ ಬರ್ತೀನಿ."