ಮೂರನೆಯ ನೀರಿಗೆ ಮುಂಚಿನ ಇಂಗ್ಲಿಷ್

ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದ ಮೊದಲಿಗ ನಾನು. ಆ ಕಾರಣದಿಂದಲೇ ಎಂಬತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ವಠಾರದ ಮನೆಯಲ್ಲಿ ಯಾವುದೂ ಸುಮ್ಮನೆ ಕಡಿಮೆಯಾಗುತ್ತಿರಲಿಲ್ಲ. ಎಲ್ಲವೂ ‘ಸಬ್‌ಸೈಡ್’ ಆಗುತ್ತಿತ್ತು. ನಿಘಂಟಿನಲ್ಲಿ ಆ ಕ್ರಿಯಾಪದವನ್ನು ಕಂಡ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕನ್ನಡದಲ್ಲಿ ಜ್ವರ ಇಳಿಯಬೇಕು, ಗಾಳಿ ತಗ್ಗಬೇಕು, ಸಿಟ್ಟು ಆರಬೇಕು. ಇಂಗ್ಲಿಷಿನಲ್ಲಿ ಈ ಒಂದೇ ಪದ ಅಷ್ಟೂ ಕೆಲಸ ಮಾಡುತ್ತಿತ್ತು. ಒಮ್ಮೆ ಸ್ಟೋವಿನ ಉರಿಯ ಬಗ್ಗೆಯೂ ಅದನ್ನು ಪ್ರಯೋಗಿಸಿದೆ. “ಸೀಮೆಎಣ್ಣೆ ಮುಗಿದಿದೆ, ಅಷ್ಟೇ ಕಣೋ” ಎಂದಳು ಅವ್ವ.

ಖಾಸಗಿ ಕಂಪನಿಯೊಂದರಲ್ಲಿ ಗುಮಾಸ್ತನಾಗಿ ಸೇರಿ ಇನ್ನೂ ಪ್ರೊಬೇಷನ್ನಿನಲ್ಲಿದ್ದಾಗ ನನಗೆ ಅಮ್ಮ ಆಯಿತು. ಡಾಕ್ಟರರ ಭಾಷೆಯಲ್ಲಿ ಚಿಕನ್‌ಪಾಕ್ಸ್. ಬಾಗಿಲಿಗೆ ಬೇವಿನ ಸೊಪ್ಪು ಬಂತು, ಸಾರಿನಿಂದ ಒಗ್ಗರಣೆ ಹೋಯಿತು. ಮೈಮೇಲೆ ಬಂದ ದೇವಿಗೆ ಬೇವು, ಅರಿಸಿನದ ನೀರನ್ನು ಮೂರು ಸಲ ಹಾಕಿ, ತಂಬಿಟ್ಟಿನ ಎಡೆಯಿಟ್ಟು ಕಳಿಸಿಕೊಡುವವರೆಗೆ ನಾನು ಹೊಸಿಲು ದಾಟುವಂತಿರಲಿಲ್ಲ. ಆದರೆ ಪ್ರೊಬೇಷನ್ನಿನಲ್ಲಿ ರಜೆ ಕೇಳುವವರಿಗೆ ಕೆಲಸದ ಅಗತ್ಯವಿಲ್ಲವೆಂದು ಭಾವಿಸುವುದಾಗಿ ನಮ್ಮ ಮ್ಯಾನೇಜರು ಮೊದಲ ದಿನವೇ ಶುದ್ಧ ಇಂಗ್ಲಿಷಿನಲ್ಲಿ ತಿಳಿಸಿದ್ದರು.

ಆದ್ದರಿಂದ ಕಾಯಿಲೆ ಇಳಿದಿದೆ, ಸೋಮವಾರ ಹಾಜರಾಗುತ್ತೇನೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೊಂದನ್ನು ರಚಿಸಿದೆ. ಅಂಗಡಿಯ ಫೋನಿನಿಂದ ಅದನ್ನು ಒಪ್ಪಿಸಬೇಕಾದವರು ಮಿಲ್ಲಿನಲ್ಲಿ ನೂಲು ನೋಡಿಕೊಳ್ಳುತ್ತಿದ್ದ ಅಪ್ಪ.

“ಸಬ್‌ಸೈಡೆಡ್. ಕೊನೇ ‘ಡ್’ ನುಂಗ್ಬೇಡಿ ಅಪ್ಪ.”

“ಅಂದ್ರೇನು?”

“ಇಳಿದುಹೋಯ್ತು ಅಂತ.”

ಮೂಲೆಯಲ್ಲಿ ಬೇವಿನೆಲೆ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿದಳು. “ಯಾರೋ ಇಳಿದಿದ್ದು? ಇನ್ನೂ ಮೊದಲ್ನೇ ನೀರೇ ಹಾಕಿಲ್ಲ. ಮನೇಲಿ ಕೂತಿರೋಳನ್ನ ಹೋದ್ಳು ಅಂತೀಯಾ?”

“ಇಂಗ್ಲಿಷಲ್ಲಿ ಹೇಳ್ತಿರೋದು ಅಜ್ಜಿ.”

“ಅವಳಿಗೆ ಇಂಗ್ಲಿಷ್ ಬರಲ್ಲ ಅಂತ ನಿಂಗ್ಯಾರು ಹೇಳಿದ್ರು?”

ಪದವೀಧರನಾದ ನಾನು ಅಪ್ಪನ ಕಡೆ ತಿರುಗಿ ಆ ‘ಡ್’ ಅನ್ನು ಇನ್ನೊಮ್ಮೆ ಹೇಳಿಕೊಟ್ಟೆ. ಅಪ್ಪ ವಾಕ್ಯವನ್ನು ಗೊಣಗಿಕೊಳ್ಳುತ್ತಾ ಹೊರಟರು. ಮೈಯೆಲ್ಲ ನವೆಯೇಳುತ್ತಿದ್ದರೂ ನಾನು ಚಾಪೆಯ ಮೇಲೆ ಮಲಗಿ ಆ ವಾಕ್ಯದ ಕಾಲರೂಪ ಸರಿಯಿದೆಯೇ ಎಂದು ಚಿಂತಿಸುತ್ತಿದ್ದೆ.

ಅಪ್ಪ ಹಿಂತಿರುಗಿದರು.

“ಹೇಳಿದ್ರಾ?”

“ಹೇಳ್ದೆ. ಮಗಂಗೆ ಅಮ್ಮ ಆಗಿದೆ ಸಾರ್, ಇನ್ನೂ ನೀರು ಹಾಕಿಲ್ಲ ಅಂದೆ.”

“ನಾನು ಹೇಳ್ಕೊಟ್ಟಿದ್ದು?”

“ಬಾಯಿತುದೀಲೇ ಇತ್ತು ಕಣೋ. ಆದ್ರೆ ಅವಳಿನ್ನೂ ಮನೇಲೇ ಇದ್ದಾಳೆ, ಹೆಂಗ್ ಹೇಳ್ಲಿ?”

ಕೆಲಸ ಹೋಯಿತೆಂದೇ ತಿಳಿದೆ. “ಅವರೇನಂದ್ರು?”

“ಮೂರು ನೀರು ಆಗೋವರೆಗೂ ಕಳಿಸ್ಲೇಬೇಡಿ, ಅವನ ಕುರ್ಚಿ ಎಲ್ಲೂ ಓಡೋಗಲ್ಲ ಅಂದ್ರು. ಬೇವಿನ ಸೊಪ್ಪು ಸಿಗ್ತಿದ್ಯಾ ಅಂತಾನೂ ವಿಚಾರಿಸಿದ್ರು. ಚೆನ್ನಾಗೇ ಕನ್ನಡ ಮಾತಾಡ್ತಾರಲ್ಲೋ!”

ಕೆಲಸ ಉಳಿದದ್ದಕ್ಕೆ ನೆಮ್ಮದಿಯಾಯಿತು. ಆದರೂ ಅಷ್ಟು ಒಳ್ಳೆಯ ವಾಕ್ಯ ವ್ಯರ್ಥವಾಯಿತಲ್ಲ ಎಂಬ ಕೊರಗು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಮೂರನೆಯ ನೀರಿನವರೆಗೂ ಉಳಿದಿತ್ತು.

ಕಚೇರಿಗೆ ಮರಳಿದ ದಿನ ಮ್ಯಾನೇಜರು ನನ್ನ ಮುಖದ ಕಲೆಗಳನ್ನು ನೋಡಿ, “ಎಲ್ಲಾ ಆಯ್ತೇನ್ರೀ?” ಎಂದರು.

“ಅಮ್ಮ ತಣ್ಣಗಾದ್ಳು ಸಾರ್” ಎಂದೆ. ಅವರು ತಲೆಯಾಡಿಸಿದರು. ಮಾತು ಅಲ್ಲಿಗೆ ಮುಗಿದಿತ್ತು. ನನ್ನಿಂದ ಮುಗಿಸಲಾಗಲಿಲ್ಲ. ಬಾಗಿಲವರೆಗೆ ಹೋದವನು ತಿರುಗಿ ನಿಂತು, “ಇಟ್ ಹ್ಯಾಸ್ ಸಬ್‌ಸೈಡೆಡ್, ಸಾರ್” ಎಂದೆ, ಕೊನೆಯ ‘ಡ್’ ನುಂಗದೆ.

“ಗೊತ್ತಾಯ್ತು,” ಎಂದರು ಅವರು, ಕಾಗದದಿಂದ ಕಣ್ಣೆತ್ತದೆ. “ಹೋಗಿ ಕೂತ್ಕೊಳ್ಳಿ.”